ಮೂರು ಟ್ರೈ ಹೊಡೆದರೂ ಸೋಲೇಕೆ? ರಗ್ಬಿ ಪ್ರಶ್ನೋತ್ತರ

ಈ ಸಲದ ಅಂಕಣ ಪೂರ್ತಿ ರಗ್ಬಿಗೆ. ಮುಂಬೈ, ಪುಣೆ, ಗೋವಾದ ಓದುಗರ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ದೊಡ್ಡ ಪಂದ್ಯಗಳ ಫಲಿತಾಂಶದ ಮೇಲಿನ ತಕರಾರುಗಳು. ಉಳಿದವು ಮಕ್ಕಳನ್ನು ಮೈದಾನಕ್ಕೆ ಇಳಿಸಲು ಹೊರಟವರ ಪ್ರಶ್ನೆಗಳು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಯುರೋಪಿನ ಆರು ತಂಡಗಳ ಟೂರ್ನಿಯಾದ ಸಿಕ್ಸ್ ನೇಷನ್ಸ್‌ನಲ್ಲಿ 2025ರಲ್ಲಿ ಸ್ಕಾಟ್ಲೆಂಡ್ ಮೂರು ಟ್ರೈ ಹೊಡೆದೂ ಒಂದೇ ಟ್ರೈ ಹೊಡೆದ ಇಂಗ್ಲೆಂಡ್ ಎದುರು 15–16ರಲ್ಲಿ ಸೋತಿತು. ಇದು ಯಾವ ನ್ಯಾಯ? (ಡೊಂಬಿವಲಿ)

ನ್ಯಾಯವೇ. ಸ್ಕಾಟ್ಲೆಂಡ್ ಅಭಿಮಾನಿಗಳ ಸಂಕಟ ಅರ್ಥವಾಗುತ್ತದೆ, ಆದರೆ ಲೆಕ್ಕ ನೋಡಿ. ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತುವ ಟ್ರೈಗೆ 5, ಅದರ ಮೇಲೆ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2, ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಕಿಕ್‌ಗೆ 3, ಆಟದ ನಡುವೆ ಚೆಂಡನ್ನು ನೆಲಕ್ಕೆ ಬೀಳಿಸಿ ಒದೆಯುವ ಡ್ರಾಪ್ ಗೋಲ್‌ಗೆ 3 ಅಂಕ. ಇಂಗ್ಲೆಂಡ್‌ನದು ಕನ್ವರ್ಷನ್ ಸಮೇತ ಒಂದು ಟ್ರೈ, ಮೂರು ಪೆನಾಲ್ಟಿ: 7 ಮತ್ತು 9, ಒಟ್ಟು 16. ಸ್ಕಾಟ್ಲೆಂಡ್‌ನದು ಬರೀ ಮೂರು ಟ್ರೈ. ಫಿನ್ ರಸೆಲ್ ಒದ್ದ ಮೂರು ಕನ್ವರ್ಷನ್‌ಗಳೂ ತಪ್ಪಿದವು, ಕೊನೆಯದು ಡುಹಾನ್ ವಾನ್ ಡರ್ ಮರ್ವ ಅವರ ಕೊನೆಗಳಿಗೆಯ ಟ್ರೈನ ಮೇಲಿನದು. ಅದೊಂದು ಒಳಗೆ ಹೋಗಿದ್ದರೆ ಸ್ಕಾಟ್ಲೆಂಡ್ 17–16ರಲ್ಲಿ ಗೆಲ್ಲುತ್ತಿತ್ತು.

ಕನ್ವರ್ಷನ್ ಏಕೆ ತಪ್ಪುತ್ತದೆ ಎಂದು ತಿಳಿಯಲು ಟ್ರೈ ಎಲ್ಲಿ ಆಯಿತು ಎಂದು ನೋಡಬೇಕು. ಚೆಂಡನ್ನು ನೆಲಕ್ಕೆ ಒತ್ತಿದ ಜಾಗದ ನೇರಕ್ಕೇ, ಪಕ್ಕದ ಗೆರೆಗೆ ಸಮಾನಾಂತರವಾಗಿ, ಎಷ್ಟು ಬೇಕೋ ಅಷ್ಟು ಹಿಂದೆ ಹೋಗಿ ಒದೆಯಬಹುದು. ಕಂಬಗಳ ನಡುವಿನ ಅಂತರ 5.6 ಮೀಟರ್, ಅಡ್ಡಪಟ್ಟಿಯ ಎತ್ತರ 3 ಮೀಟರ್. ಕಂಬಗಳ ನಡುಮಧ್ಯದಿಂದ 15 ಮೀಟರ್ ಆಚೆ ಟ್ರೈ ಆದರೆ ಎಷ್ಟೇ ಚೆನ್ನಾಗಿ ಜಾಗ ಆರಿಸಿಕೊಂಡರೂ ಕಿಕ್ಕರ್‌ಗೆ ಕಾಣುವ ಬಾಗಿಲು 11 ಡಿಗ್ರಿ ದಾಟುವುದಿಲ್ಲ. ಮೂಲೆಯಲ್ಲಿ, ಅಂದರೆ ಸುಮಾರು 35 ಮೀಟರ್ ಆಚೆ ಆದರೆ ಐದು ಡಿಗ್ರಿಯೂ ಸಿಗುವುದಿಲ್ಲ. ಕಂಬಗಳ ನೇರಕ್ಕೇ ಆಗಿದ್ದರೆ 12 ಮೀಟರ್ ಹಿಂದಿನಿಂದ 26 ಡಿಗ್ರಿ ತೆರೆದಿರುತ್ತದೆ. ಅದಕ್ಕೇ ಗೆರೆ ದಾಟಿದ ಆಟಗಾರ, ಹಿಂದೆ ಯಾರೂ ಬೆನ್ನಟ್ಟುತ್ತಿಲ್ಲದಿದ್ದರೆ, ಚೆಂಡನ್ನು ತಕ್ಷಣ ಒತ್ತದೆ ಕಂಬಗಳ ಕಡೆ ಬಾಗಿ ಓಡುತ್ತಾನೆ. ಆ ನಾಲ್ಕು ಹೆಜ್ಜೆಯ ಬೆಲೆ 2 ಅಂಕ. ಜೊತೆಗೆ ಗಡಿಯಾರವೂ ಓಡುತ್ತಿರುತ್ತದೆ: ಮೊದಲು 90 ಸೆಕೆಂಡ್ ಇದ್ದ ಕನ್ವರ್ಷನ್ ಸಮಯ ಈಗ 60ಕ್ಕೆ ಇಳಿದಿದೆ.

ಆ ಪಂದ್ಯದ ಟ್ರೋಫಿ ನಮ್ಮ ನೆಲದ್ದು ಎಂಬುದನ್ನು ಇಲ್ಲಿ ನೆನೆಯಲೇಬೇಕು. ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಮುಚ್ಚಿದಾಗ ಬ್ಯಾಂಕಿನಲ್ಲಿ ಉಳಿದಿದ್ದ 270 ಬೆಳ್ಳಿ ರೂಪಾಯಿಗಳನ್ನು ಕರಗಿಸಿ 1878ರಲ್ಲಿ ಮಾಡಿಸಿದ ಕಪ್ ಅದು. ಹಿಡಿಕೆಗಳು ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್–ಸ್ಕಾಟ್ಲೆಂಡ್ ಪಂದ್ಯ ನಡೆಯುವುದು ಆ ಕಲ್ಕತ್ತಾ ಕಪ್‌ಗಾಗಿ.

2023ರ ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಒಂದೂ ಟ್ರೈ ಹೊಡೆಯದೆ ಗೆದ್ದಿತು. ‘ಏಳು–ಒಂದು’ ಬೆಂಚ್ ಅಂದರೇನು? ಅದೃಷ್ಟವೋ, ತಂತ್ರವೋ? (ಮಾಟುಂಗಾ, ಠಾಣೆಯಿಂದ ಎರಡು ಪತ್ರ)

ತಂತ್ರ, ಅದರಲ್ಲೂ ಎದೆಗಾರಿಕೆಯ ತಂತ್ರ. ಫೈನಲ್ 12–11. ಹಾಂಡ್ರೆ ಪೊಲಾರ್ಡ್ ಅವರ ನಾಲ್ಕು ಪೆನಾಲ್ಟಿ ಒಂದು ಕಡೆ, ನ್ಯೂಜಿಲೆಂಡ್‌ನ ಎರಡು ಪೆನಾಲ್ಟಿ ಮತ್ತು ಬೋಡನ್ ಬ್ಯಾರೆಟ್ ಅವರ ಟ್ರೈ ಇನ್ನೊಂದು ಕಡೆ. ಆ ಟ್ರೈನ ಕನ್ವರ್ಷನ್ ತಪ್ಪಿತು. ಅದಕ್ಕೂ ಮೊದಲು ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 29–28, ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 16–15. ಮೂರೂ ಗೆಲುವು ಒಂದೊಂದೇ ಅಂಕದಲ್ಲಿ. ಒಮ್ಮೆಯಾದರೆ ಅದೃಷ್ಟ ಎನ್ನಬಹುದಿತ್ತು.

15 ಜನರ ತಂಡದಲ್ಲಿ ಮುಂದೆ ತಳ್ಳಾಡುವ 8 ಫಾರ್ವರ್ಡ್‌ಗಳು, ಹಿಂದೆ ನಿಂತು ಓಡುವ 7 ಬ್ಯಾಕ್‌ಗಳು. ಬದಲಿ ಆಟಗಾರರು 8 ಮಂದಿ. ಅವರಲ್ಲಿ ಮುಂಚೂಣಿಯ ಮೂರು ಜಾಗಗಳಿಗೆ, ಅಂದರೆ ಎರಡೂ ಬದಿಯ ಪ್ರಾಪ್ ಮತ್ತು ಹೂಕರ್‌ಗೆ, ತರಬೇತಾದ ಬದಲಿಗಳು ಇರಲೇಬೇಕು. ಕುತ್ತಿಗೆಯ ಮೇಲೆ ಎಂಟು ಜನರ ತಳ್ಳಾಟ ಬೀಳುವ ಜಾಗಕ್ಕೆ ಪಳಗದವರನ್ನು ಬಿಡುವಂತಿಲ್ಲ. ಸಾಮಾನ್ಯವಾಗಿ ಬೆಂಚ್‌ನಲ್ಲಿ 5 ಫಾರ್ವರ್ಡ್, 3 ಬ್ಯಾಕ್ ಇರುತ್ತಾರೆ. ದಕ್ಷಿಣ ಆಫ್ರಿಕಾ ಫೈನಲ್‌ಗೆ 7 ಫಾರ್ವರ್ಡ್, ಒಬ್ಬನೇ ಬ್ಯಾಕ್ (ವಿಲಿ ಲ ರು) ಇಟ್ಟುಕೊಂಡು ಬಂತು. ಎರಡೂ ತಂಡಗಳ ಫಾರ್ವರ್ಡ್‌ಗಳು ಬೆಸೆದುಕೊಂಡು ಚೆಂಡಿಗಾಗಿ ತಳ್ಳಾಡುವ ಸ್ಕ್ರಮ್‌ನಲ್ಲಿ ತಲಾ 110–115 ಕಿಲೋ ತೂಗುವ ಎಂಟು ಜನ ತಳ್ಳುತ್ತಾರೆ. 50 ನಿಮಿಷ ತಳ್ಳಿ ಎದುರಾಳಿಯ ಕಾಲು ಸೋತಾಗ ಹೊಸ ಕಾಲುಗಳು ಬಂದರೆ ಸ್ಕ್ರಮ್ ಕುಸಿಯುತ್ತದೆ, ರೆಫ್ರಿ ಪೆನಾಲ್ಟಿ ಕೊಡುತ್ತಾರೆ, 3 ಅಂಕ. ಇಂಗ್ಲೆಂಡ್ ವಿರುದ್ಧದ ಸೆಮಿಫೈನಲ್ ತಿರುಗಿದ್ದೇ ಹಾಗೆ. ಕೊನೆಯ ಕೆಲವು ನಿಮಿಷಗಳಲ್ಲಿ ಸ್ಕ್ರಮ್ ಗೆದ್ದು ಪಡೆದ ಪೆನಾಲ್ಟಿಯನ್ನು ಪೊಲಾರ್ಡ್ ಹತ್ತಿರ ಹತ್ತಿರ 50 ಮೀಟರ್‌ನಿಂದ ಒದ್ದರು.

ಅಪಾಯವೂ ಅಷ್ಟೇ ದೊಡ್ಡದು. ಇಬ್ಬರು ಬ್ಯಾಕ್‌ಗಳಿಗೆ ಗಾಯವಾದರೆ ಸ್ಕ್ರಮ್‌ನ ಬದಿಯ ಫಾರ್ವರ್ಡ್ ಆದ ಫ್ಲ್ಯಾಂಕರ್ ಒಬ್ಬ ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಿನ ಬ್ಯಾಕ್‌ನ ಜಾಗದಲ್ಲಿ, ಓಡಬೇಕು. ಫೈನಲ್‌ನಲ್ಲಿ ಪೆಟ್ಟು ಬಿದ್ದದ್ದು ಬೇರೆ ಕಡೆ. ಹೂಕರ್ ಬೊಂಗಿ ಎಂಬೊನಾಂಬಿ ಆರಂಭದ ನಿಮಿಷಗಳಲ್ಲೇ ಗಾಯಗೊಂಡು ಹೊರನಡೆದರು. ಚೆಂಡು ಪಕ್ಕದ ಗೆರೆ ದಾಟಿದಾಗ ಆಟ ಮತ್ತೆ ಶುರುವಾಗುವ ಲೈನ್‌ಔಟ್‌ಗೆ ಚೆಂಡು ಎಸೆಯುವವನೇ ಹೂಕರ್. ಬಹುಕಾಲ ಫ್ಲ್ಯಾಂಕರ್ ಆಗಿ ಆಡಿದ್ದ ಡಿಯಾನ್ ಫೂರಿ ಉಳಿದ ಪಂದ್ಯವಿಡೀ ಆ ಕೆಲಸ ಮಾಡಬೇಕಾಯಿತು, ಲೈನ್‌ಔಟ್ ತಡವರಿಸಿತು. ಹಾಗಿದ್ದೂ ಗೆದ್ದರೆಂದರೆ ಆ ರಕ್ಷಣೆಯ ಗಟ್ಟಿತನಕ್ಕೆ ತಲೆಬಾಗಲೇಬೇಕು.

ಅದೇ ಫೈನಲ್‌ನಲ್ಲಿ ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್‌ಗೆ ಮೊದಲು ಹಳದಿ, ಆಮೇಲೆ ಕೆಂಪು. ದಕ್ಷಿಣ ಆಫ್ರಿಕಾ ನಾಯಕ ಸಿಯಾ ಕೊಲಿಸಿಗೆ ಮಾತ್ರ ಹಳದಿಯಲ್ಲೇ ಬಿಟ್ಟರು. ಪಕ್ಷಪಾತ ಅಲ್ಲವೇ? 20 ನಿಮಿಷದ ಕೆಂಪು ಕಾರ್ಡ್ ಬಗ್ಗೆಯೂ ತಿಳಿಸಿ. (ಮುಲುಂಡ್)

ಪಕ್ಷಪಾತ ಅಲ್ಲ. ತಲೆಗೆ ತಗುಲಿದ ಟ್ಯಾಕಲ್ (ಚೆಂಡು ಹಿಡಿದವನನ್ನು ಹಿಡಿದು ಬೀಳಿಸುವುದು) ಹಳದಿಗೆ ಸಾಕು, ಕೆಂಪಿಗೆ ಸಾಕೋ ಇಲ್ಲವೋ ಎಂಬ ಅನುಮಾನ ಇದ್ದಾಗ ರೆಫ್ರಿ ಹಳದಿ ತೋರಿಸಿ, ಆಟಗಾರನನ್ನು ತಾತ್ಕಾಲಿಕವಾಗಿ ಹೊರಗೆ ಕಳಿಸಿ ಆಟ ಮುಂದುವರಿಸುತ್ತಾರೆ. ಬಂಕರ್ ಎಂದು ಕರೆಯುವ ಕೋಣೆಯಲ್ಲಿ ಕೂತ ಅಧಿಕಾರಿ 8 ನಿಮಿಷದೊಳಗೆ ಎಲ್ಲ ಕೋನಗಳ ದೃಶ್ಯ ನೋಡಿ ತೀರ್ಮಾನಿಸುತ್ತಾರೆ. ಅವರು ಕೇಳಿಕೊಳ್ಳುವ ಪ್ರಶ್ನೆಗಳು ಕ್ರಮವಾಗಿ ಇವು: ತಲೆ ಅಥವಾ ಕುತ್ತಿಗೆಗೆ ತಗುಲಿತೇ? ಟ್ಯಾಕಲ್ ಮಾಡಿದವನ ತಪ್ಪಿತ್ತೇ, ಉದಾಹರಣೆಗೆ ಸೊಂಟ ಬಗ್ಗಿಸದೆ ನೆಟ್ಟಗೆ ನಿಂತಿದ್ದನೇ? ಅಪಾಯದ ಮಟ್ಟ ಎಷ್ಟು, ವೇಗ ಎಷ್ಟು? ಚೆಂಡು ಹಿಡಿದವನು ಕೊನೆ ಗಳಿಗೆಯಲ್ಲಿ ಕುಗ್ಗಿದನೇ, ಶಿಕ್ಷೆ ಇಳಿಸಲು ಕಾರಣ ಉಂಟೇ? ಕೇನ್ ವಿಷಯದಲ್ಲಿ ಅಪಾಯ ಹೆಚ್ಚು, ಇಳಿಸಲು ಕಾರಣ ಇಲ್ಲ ಎಂದಾಯಿತು. ಕೊಲಿಸಿ ವಿಷಯದಲ್ಲಿ ಅಪಾಯ ಆ ಮಟ್ಟದ್ದಲ್ಲ ಎಂದಾಯಿತು. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಕೆಂಪು ಕಾರ್ಡ್ ಪಡೆದ ಮೊದಲಿಗ ಕೇನ್.

2025ರ ಸಿಕ್ಸ್ ನೇಷನ್ಸ್‌ನಲ್ಲಿ ಬಳಸಿದ ಹೊಸ ಪದ್ಧತಿಯಲ್ಲಿ ಕೆಂಪು ಕಂಡವನು ಮತ್ತೆ ಆಡುವಂತಿಲ್ಲ, ಆದರೆ 20 ನಿಮಿಷದ ನಂತರ ಅವನ ಜಾಗಕ್ಕೆ ಬದಲಿ ಆಟಗಾರ ಬರಬಹುದು. ಬೇಕೆಂದೇ ಹೊಡೆದರೆ ಮಾತ್ರ ತಂಡ ಕೊನೆಯವರೆಗೆ 14 ಜನರಲ್ಲೇ ಆಡಬೇಕು. ಪಂದ್ಯ ಏಕಪಕ್ಷೀಯವಾಗಬಾರದು ಎಂಬ ವಾದ ಸರಿಯೇ. ಆದರೂ ನಮ್ಮ ಮತ ಹಳೆಯ ಪದ್ಧತಿಯ ಕಡೆಗಿದೆ. ಇಡೀ ತಂಡಕ್ಕೆ ನೋವಾದಾಗಲೇ ತರಬೇತುದಾರರು ಟ್ಯಾಕಲ್‌ನ ಎತ್ತರ ಇಳಿಸುವ ಅಭ್ಯಾಸಕ್ಕೆ ಸಮಯ ಕೊಡುತ್ತಾರೆ. ಫ್ರಾನ್ಸ್, ಐರ್ಲೆಂಡ್ ಸಂಸ್ಥೆಗಳು ವಿರೋಧಿಸಿದ್ದೂ ಆಟಗಾರರ ತಲೆಯ ಕಾಳಜಿಯಿಂದ.

ಅಂಧೇರಿಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನ ಫೈನಲ್ 41–0. ಇಷ್ಟೊಂದು ಅಂತರ ಹೇಗೆ? (ಅಂಧೇರಿ ಪೂರ್ವ)

2025ರ ಜೂನ್‌ನಲ್ಲಿ ಅಂಧೇರಿ ಕ್ರೀಡಾ ಸಂಕೀರ್ಣದಲ್ಲಿ ಮೊದಲ ಆವೃತ್ತಿ ನಡೆಯಿತು, ಚೆನ್ನೈ ಬುಲ್ಸ್ ತಂಡ ಡೆಲ್ಲಿ ರೆಡ್ಜ್ ತಂಡವನ್ನು ಮಣಿಸಿತು. ಬೆಂಗಳೂರು ಬ್ರೇವ್‌ಹಾರ್ಟ್ಸ್ ಸೇರಿ ಆರು ತಂಡಗಳಿದ್ದವು. ಅದು ಏಳು ಜನರ ಸೆವೆನ್ಸ್ ಆಟ. ಮೈದಾನ ಮಾತ್ರ 15 ಜನರದ್ದೇ. ಒಬ್ಬ ಟ್ಯಾಕಲ್ ತಪ್ಪಿಸಿದರೆ ಮುಚ್ಚಲು ಹಿಂದೆ ಯಾರೂ ಇರುವುದಿಲ್ಲ. ಇನ್ನೊಂದು ನಿಯಮವೂ ಕೆಲಸ ಮಾಡುತ್ತದೆ: ಸೆವೆನ್ಸ್‌ನಲ್ಲಿ ಅಂಕ ಗಳಿಸಿದ ತಂಡವೇ ಆಟ ಮರುಪ್ರಾರಂಭಿಸುವ ಕಿಕ್ ಒದೆಯುತ್ತದೆ. ಒದ್ದ ಚೆಂಡನ್ನು ಗಾಳಿಯಲ್ಲೇ ಮರಳಿ ಹಿಡಿಯಬಲ್ಲ ಎತ್ತರದ ಆಟಗಾರ ಇದ್ದರೆ ಎದುರಾಳಿಗೆ ಚೆಂಡೇ ಸಿಗುವುದಿಲ್ಲ. ಮಾಮೂಲಿ ಸೆವೆನ್ಸ್‌ನಲ್ಲಿ 7 ನಿಮಿಷದ ಎರಡು ಅವಧಿ. ಈ ಲೀಗ್‌ನಲ್ಲಿ 4 ನಿಮಿಷದ ನಾಲ್ಕು. ಇಷ್ಟು ಸಣ್ಣ ಆಟದಲ್ಲಿ ಒಂದು ಹಳದಿ ಕಾರ್ಡ್‌ನ 2 ನಿಮಿಷವೂ ಎರಡು ಟ್ರೈಗೆ ದಾರಿ ಮಾಡಿಕೊಡಬಲ್ಲದು.

ಮಗನಿಗೆ 13 ವರ್ಷ. ಈ ಮಳೆಗಾಲ ರಗ್ಬಿಗೆ ಸೇರಿಸಬೇಕೆಂದಿದ್ದೇವೆ. ಏನೇನು ಬೇಕು? ಪೆಟ್ಟಾಗುವ ಭಯ. (ಪಿಂಪ್ರಿ-ಚಿಂಚವಾಡ, ಪುಣೆ, ವಾಸ್ಕೋ, ಗೋವಾ)

ಮಳೆಗಾಲ ಸರಿಯಾದ ಕಾಲ. ನೆಲ ಮೆತ್ತಗಿರುವುದರಿಂದಲೇ ಮುಂಬೈಯ ರಗ್ಬಿ ಮೊದಲಿಂದಲೂ ಮಳೆಯ ಆಟ. 1933ರಲ್ಲಿ ಭಾರತದ ನೆಲದ ಮೊದಲ ಕ್ರಿಕೆಟ್ ಟೆಸ್ಟ್ ನಡೆದ ಬಾಂಬೆ ಜಿಮ್ಖಾನಾ ಮೈದಾನವೇ ಮಳೆಯಲ್ಲಿ ರಗ್ಬಿ ಮೈದಾನವಾಗುತ್ತದೆ.

ಮೊದಲು ಕೊಳ್ಳಬೇಕಾದ್ದು ಮೌತ್‌ಗಾರ್ಡ್. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚುವ ಬಗೆಯದು ಆರಂಭಕ್ಕೆ ಸಾಕು. ನೀರು ಕುದಿಸಿ ಒಲೆಯಿಂದ ಇಳಿಸಿ, ಪೊಟ್ಟಣದ ಮೇಲೆ ಹೇಳಿದಷ್ಟೇ ಸೆಕೆಂಡ್ ಮುಳುಗಿಸಿ. ಹೆಚ್ಚು ಹೊತ್ತು ಬಿಟ್ಟರೆ ಮುದುಡಿ ಹಾಳಾಗುತ್ತದೆ. ತೆಗೆದು ತಣ್ಣೀರಿಗೆ ಒಮ್ಮೆ ತಾಗಿಸಿ, ಮೇಲಿನ ಹಲ್ಲುಗಳಿಗೆ ಕೂರಿಸಿ, ಕಚ್ಚಿ ಹಿಡಿದು, ಬಾಯೊಳಗಿನ ಗಾಳಿ ಎಳೆದುಕೊಳ್ಳುತ್ತಾ ತುಟಿಯ ಹೊರಗಿನಿಂದ ಬೆರಳಲ್ಲಿ ಒತ್ತಬೇಕು. ನಂತರ ತಣ್ಣೀರಿನಲ್ಲಿ ಗಟ್ಟಿಯಾಗಲು ಬಿಡಿ. ಬಾಯಿ ತೆರೆದಾಗ ತಾನಾಗಿ ಬಿದ್ದರೆ ಅಳತೆ ಸರಿಯಿಲ್ಲ. ಹಲ್ಲಿಗೆ ತಂತಿ ಹಾಕಿಸಿದ ಮಕ್ಕಳಿಗೆ ಇದು ಬೇಡ, ದಂತವೈದ್ಯರಲ್ಲೇ ಮಾಡಿಸಿ. ಬೆಳೆಯುವ ಬಾಯಿಗೆ ವರ್ಷಕ್ಕೊಮ್ಮೆ ಹೊಸದು ಬೇಕು.

ಬೂಟಿನ ಸ್ಟಡ್‌ಗಳ ಸುತ್ತ ಪ್ರತಿ ವಾರ ಬೆರಳಾಡಿಸಿ ನೋಡಿ. ಕಾಂಕ್ರೀಟಿನ ಮೇಲೆ ನಡೆದು ಅಂಚು ಹರಿತವಾಗಿದ್ದರೆ ಇನ್ನೊಬ್ಬ ಹುಡುಗನ ಕಾಲು ಸೀಳುತ್ತದೆ. ಚೆಂಡು 10ರಿಂದ 14 ವರ್ಷದವರಿಗೆ 4ನೇ ಅಳತೆಯದು, ಅದಕ್ಕಿಂತ ದೊಡ್ಡವರಿಗೆ 5ನೆಯದು. ದೊಡ್ಡ ಚೆಂಡಿಗೆ ಗಾಳಿಯ ಒತ್ತಡ 9.5ರಿಂದ 10 ಪಿಎಸ್‌ಐ. ಒದ್ದೆ ಚೆಂಡನ್ನು ತಿರುಗಿಸಿ ಎಸೆಯಲು ಹೋದರೆ ಬೆರಳು ಜಾರುತ್ತದೆ. ಎರಡೂ ಅಂಗೈಯಿಂದ ತಳ್ಳುವ ಸಣ್ಣ ಪಾಸ್ ಸಾಕು. ಹಿಡಿಯುವಾಗ ಕೈ ಮುಂದೆ ಚಾಚಿ, ತಕ್ಷಣ ಎದೆಗೆ ಸೆಳೆದುಕೊಳ್ಳಬೇಕು. ಇಲ್ಲದಿದ್ದರೆ ಚೆಂಡು ಮುಂದಕ್ಕೆ ಚಿಮ್ಮಿ ನಾಕ್‌ಆನ್ ಆಗುತ್ತದೆ, ಸ್ಕ್ರಮ್ ಎದುರಾಳಿಯ ಪಾಲು.

ಭಯದ ವಿಷಯ. ಟ್ಯಾಕಲ್ ಮಾಡುವವನಿಗೇ ತಲೆಗೆ ಪೆಟ್ಟಾಗುವುದು ಹೆಚ್ಚು, ಕಾರಣ ತಲೆಯನ್ನು ತಪ್ಪು ಬದಿಯಲ್ಲಿ ಇಡುವುದು. ಎದುರಾಳಿ ಬಲಗಡೆಯಿಂದ ದಾಟುತ್ತಿದ್ದರೆ ಬಲಭುಜ ತಾಗಬೇಕು, ತಲೆ ಅವನ ಬೆನ್ನ ಹಿಂದಕ್ಕೆ ಹೋಗಬೇಕು. ಅವನ ಮುಂದೆ ಬಂದರೆ ಮೊಣಕಾಲು ಕೆನ್ನೆಗೆ ಬಡಿಯುತ್ತದೆ. ಕಣ್ಣು ಮುಚ್ಚಬಾರದು, ಗಲ್ಲ ಎದೆಗೆ ಅಂಟಬಾರದು, ತೋಳು ಎರಡೂ ಸುತ್ತಿ ಬಿಗಿಯಬೇಕು. ಮಂಡಿಯೂರಿ ಕಲಿಸಿ, ನಡೆಯುತ್ತಾ ಕಲಿಸಿ, ಆಮೇಲೆ ಓಡುತ್ತಾ ಕಲಿಸುವ ತರಬೇತುದಾರರ ಬಳಿಯೇ ಬಿಡಿ. ಮೊದಲ ದಿನವೇ ಎದುರುಬದುರು ಓಡಿಸುವ ಕಡೆ ಬೇಡ.

ತಲೆಗೆ ಪೆಟ್ಟಾಗಿ ಮಂಕಾದರೆ, ವಾಂತಿ ಬಂದರೆ, ಸ್ಕೋರ್ ಎಷ್ಟೆಂದು ಹೇಳಲಾಗದಿದ್ದರೆ ಆ ದಿನದ ಆಟ ಅಲ್ಲಿಗೆ ಮುಗಿಯಿತು, ವೈದ್ಯರಿಗೆ ತೋರಿಸಲೇಬೇಕು. ಟಿವಿಯಲ್ಲಿ 12 ನಿಮಿಷದ ತಪಾಸಣೆಯ ನಂತರ ಆಟಗಾರ ಮರಳುವುದನ್ನು ನೋಡಿ ಅನುಕರಿಸಬೇಡಿ. ಅಲ್ಲಿ ತರಬೇತಾದ ವೈದ್ಯರು, ವಿಡಿಯೊ ಎಲ್ಲ ಇರುತ್ತದೆ. ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ನಂತರ ನಡಿಗೆ, ಓಟ, ಮುಟ್ಟದ ಅಭ್ಯಾಸ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗಿ, ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ.

ಹುಡುಗಿಯರಿಗೆ ಇದರಲ್ಲಿ ಭವಿಷ್ಯ ಇದೆಯೇ? (ಹಡಪ್ಸರ್, ಪುಣೆ)

ಇದೆ. ಭಾರತದ ಮಹಿಳೆಯರು 2019ರ ಜೂನ್‌ನಲ್ಲಿ ಮನಿಲಾದಲ್ಲಿ ಸಿಂಗಪುರವನ್ನು 21–19ರಲ್ಲಿ ಸೋಲಿಸಿ 15 ಜನರ ಆಟದ ಮೊದಲ ಅಂತರರಾಷ್ಟ್ರೀಯ ಗೆಲುವು ಪಡೆದರು. 2025ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ ಕೆನಡಾವನ್ನು 33–13ರಲ್ಲಿ ಮಣಿಸಿದಾಗ ಟ್ವಿಕನಮ್‌ನಲ್ಲಿ 81,885 ಮಂದಿ ಇದ್ದರು.

2027ರ ವಿಶ್ವಕಪ್ ಯಾವಾಗ, ನಮಗೆ ಎಷ್ಟು ಗಂಟೆಗೆ? (ವಾಶಿ)

ಆಸ್ಟ್ರೇಲಿಯಾದಲ್ಲಿ, ಅಕ್ಟೋಬರ್ 1ರಿಂದ ನವೆಂಬರ್ 13ರವರೆಗೆ. ಮೊದಲ ಪಂದ್ಯ ಪರ್ತ್‌ನಲ್ಲಿ, ಫೈನಲ್ ಸಿಡ್ನಿಯಲ್ಲಿ. ತಂಡಗಳು 20ರಿಂದ 24ಕ್ಕೆ ಏರಿವೆ. ನಾಲ್ಕು ತಂಡಗಳ ಆರು ಗುಂಪು. ಪ್ರತಿ ಗುಂಪಿನ ಮೊದಲಿಬ್ಬರು, ಜೊತೆಗೆ ಮೂರನೇ ಸ್ಥಾನದವರಲ್ಲಿ ಉತ್ತಮ ನಾಲ್ವರು ಸೇರಿ 16 ತಂಡಗಳು ನಾಕೌಟ್‌ಗೆ. ನಾಲ್ಕು ಟ್ರೈ ಹೊಡೆದರೆ ಒಂದು, 7 ಅಥವಾ ಕಡಿಮೆ ಅಂಕದಲ್ಲಿ ಸೋತರೆ ಒಂದು ಬೋನಸ್ ಅಂಕ. ಮೂರನೇ ಸ್ಥಾನದ ಲೆಕ್ಕಾಚಾರದಲ್ಲಿ ಇವೇ ನಿರ್ಣಾಯಕವಾಗಲಿವೆ. ಅಲ್ಲಿ ರಾತ್ರಿ 8ಕ್ಕೆ ಶುರುವಾಗುವ ಪಂದ್ಯ ಪರ್ತ್‌ನದಾದರೆ ನಮಗೆ ಸಂಜೆ 5.30, ಬ್ರಿಸ್ಬೇನ್‌ನದಾದರೆ ಮಧ್ಯಾಹ್ನ 3.30. ಸಿಡ್ನಿ, ಮೆಲ್ಬರ್ನ್‌ನಲ್ಲಿ ಅಕ್ಟೋಬರ್‌ನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುವುದರಿಂದ ಅಲ್ಲಿಂದಾಚೆಗೆ 2.30.