ಚೆಂಡು ಹೋದರೆ ಹೋಗಲಿ: ಮೆಲ್ಬರ್ನಿಗೆ ಹೊರಟ ತಮ್ಮನಿಗೆ

ತಮ್ಮಾ, ನೀನು ಅಕ್ಕಾ ಎಂದು ಕರೆದು ಬರೆದಿದ್ದೀ, ಹಾಗಾಗಿ ನಾನೂ ಏಕವಚನದಲ್ಲೇ ಬರೆಯುತ್ತೇನೆ. ನೀನು ಕೇಳಿದ್ದು ಇಷ್ಟು: ಜನವರಿಯಲ್ಲಿ ಕೆಲಸದ ಮೇಲೆ ಮೆಲ್ಬರ್ನಿಗೆ ಹೊರಟಿದ್ದೀ. ಭಾನುವಾರ ಬೆಳಿಗ್ಗೆ ಚಲ್ಲಘಟ್ಟದಲ್ಲಿ ಗಾಲ್ಫ್ ಆಡುವ ರೂಢಿಯನ್ನು ಅಲ್ಲೂ ಬಿಡಬಾರದು ಅಂತ ಆಸೆ. ಆದರೆ ಆಸ್ಟ್ರೇಲಿಯಾದ ಗಾಲ್ಫ್ ಮೈದಾನಗಳಲ್ಲಿ ಹಾವು ಹರಿದಾಡುವ ವಿಡಿಯೊ ನೋಡಿ ನಿಮ್ಮಮ್ಮ ಹೆದರಿದ್ದಾರೆ. ಗಾಲ್ಫ್ ಕಿಟ್ ತರಲೋ, ಇಲ್ಲೇ ಯಾರಿಗಾದರೂ ಮಾರಿಬಿಡಲೋ? ತಂದರೆ, ಚೆಂಡಿನ ಪಕ್ಕದಲ್ಲೇ ಹಾವಿದ್ದಾಗ ಆಟದ ಗತಿ ಏನು?

ತಾ. ಖಂಡಿತ ತಾ. ಹಾವುಗಳಿರುವುದು ನಿಜ, ನಾನೂ ನೋಡಿದ್ದೇನೆ, ನೀನೂ ನೋಡುತ್ತೀ. ರಜೆಗೆಂದು ಮೆಲ್ಬರ್ನಿನಿಂದ ಬಸವನಗುಡಿಯ ತವರುಮನೆಗೆ ಬಂದಿದ್ದೇನೆ, ಕೈಯಲ್ಲಿ ಸಮಯವಿದೆ. ಅದಕ್ಕೇ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ನಿಮ್ಮಮ್ಮನಿಗೆ ಈ ಲೆಕ್ಕ ಹೇಳು. ಆಸ್ಟ್ರೇಲಿಯಾದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸರಾಸರಿ 2 ಜನ. ನಮ್ಮ ದೇಶದಲ್ಲಿ 2000ದಿಂದ 2019ರ ವರೆಗೆ ಸುಮಾರು 12 ಲಕ್ಷ ಜನ ಹಾವಿನ ಕಡಿತದಿಂದ ಸತ್ತಿದ್ದಾರೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ, ಅಂದರೆ ವರ್ಷಕ್ಕೆ ಸರಾಸರಿ 58,000. ವಿಷದ ತೀಕ್ಷ್ಣತೆ ನೋಡಿದರೆ ಅಲ್ಲಿನ ಈಸ್ಟರ್ನ್ ಬ್ರೌನ್, ಟೈಗರ್ ಹಾವುಗಳು ನಮ್ಮ ನಾಗರಹಾವಿಗಿಂತ ಒಂದು ಕೈ ಮೇಲೆಯೇ. ಆದರೂ ಅಲ್ಲಿ ಜನ ಸಾಯುವುದು ಅಪರೂಪ. ಕಾಲಿಗೆ ಶೂ ಇರುತ್ತದೆ, ಕಚ್ಚಿದ ಕೂಡಲೇ ಏನು ಮಾಡಬೇಕೆಂದು ಶಾಲೆಯ ಮಕ್ಕಳಿಗೂ ಗೊತ್ತಿರುತ್ತದೆ, ಫೋನ್ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ, ಆಸ್ಪತ್ರೆಯಲ್ಲಿ ಔಷಧವಿರುತ್ತದೆ. ನಮ್ಮಲ್ಲಿ ಸಾಯುವವರು ಹೆಚ್ಚಾಗಿ ಬರಿಗಾಲಲ್ಲಿ ಹೊಲಕ್ಕಿಳಿಯುವವರು, ಹುಲ್ಲು ಕೊಯ್ಯುವವರು, ಕತ್ತಲಲ್ಲಿ ನೀರು ಹಾಯಿಸಲು ಹೋಗುವವರು. ಈ ಮಾತು ಇಲ್ಲಿರಲಿ, ಮತ್ತೆ ಇದಕ್ಕೇ ಬರುತ್ತೇನೆ.

ಬೆಂಗಳೂರಿನಿಂದ ಬಂದ ಗಾಲ್ಫ್ ಆಟಗಾರನಿಗೆ ಅಲ್ಲಿ ಮೊದಲ ದಿನವೇ ತಿಳಿಯುವುದು ಜೊತೆಗೆ ಬ್ಯಾಗ್ ಹೊರುವ, ಚೆಂಡು ಹುಡುಕುವ ಕ್ಯಾಡಿ ಇಲ್ಲ ಎನ್ನುವುದು. ನಗರಸಭೆಯವರು ನಡೆಸುವ ಸಾರ್ವಜನಿಕ ಕೋರ್ಸುಗಳಿವೆ, ದುಡ್ಡು ಕಟ್ಟಿ ಯಾರು ಬೇಕಾದರೂ ಆಡಬಹುದು. ಬ್ಯಾಗನ್ನು ಎರಡು ಚಕ್ರದ ಗಾಡಿಗೆ ಕಟ್ಟಿ ನೀನೇ ಎಳೆಯಬೇಕು, ಬಂಕರ್ ಎಂಬ ಮರಳುಗುಂಡಿಯ ಮರಳನ್ನು ನೀನೇ ಕೆರೆದು ಸಮ ಮಾಡಬೇಕು. ಚೆಂಡು ಎತ್ತ ಹೋಯಿತೆಂದು ನೀನೇ ಕಣ್ಣಿಟ್ಟು ನೋಡಿ, ಪೊದೆಗೆ ಬಿದ್ದಿದ್ದರೆ ನೀನೇ ಹೋಗಿ ಹುಡುಕಬೇಕು. ಇಲ್ಲಿ ನೀನು ಹುಲ್ಲು ಕತ್ತರಿಸಿದ ಫೇರ್‌ವೇ ನಡುವೆ ನಿಂತು ನೀರು ಕುಡಿಯುವಷ್ಟರಲ್ಲಿ ಯಾರೋ ಹುಡುಗ ಗಿಡಗಂಟಿಯೊಳಗಿಂದ ಚೆಂಡು ಹಿಡಿದು ಬಂದಿರುತ್ತಾನೆ. ಅಲ್ಲಿ ಹುಲ್ಲಿನೊಳಗೆ ಹೋಗುವುದು ನಿನ್ನ ಕಾಲು, ನಿನ್ನ ಕೈ. ಹಾವಿನ ವಿಷಯದಲ್ಲಿ ನೀನು ಹೊಸದಾಗಿ ಕಲಿಯಬೇಕಾದದ್ದೆಲ್ಲ ಇದರಿಂದಲೇ ಶುರುವಾಗುತ್ತದೆ.

ಚೆಂಡನ್ನು ಬಿಟ್ಟುಬಿಡುವುದನ್ನು ಕಲಿ. 2019ರಿಂದ ನಿಯಮದ ಪ್ರಕಾರವೇ ಹುಡುಕಲು ಇರುವುದು 3 ನಿಮಿಷ. ಪೊದೆಯ ಕಡೆಗೆ ಹೋಯಿತು ಅನ್ನಿಸಿದರೆ ಹೊಡೆದ ಜಾಗದಿಂದಲೇ ಇನ್ನೊಂದು ಪ್ರೊವಿಷನಲ್ ಚೆಂಡು ಹೊಡೆದುಬಿಡು, ಮೊದಲಿನದು ಸಿಗದಿದ್ದರೆ ಅದರಲ್ಲೇ ಆಟ ಮುಂದುವರಿಸಬಹುದು. ರಫ್‌ನಲ್ಲಿ, ಅಂದರೆ ಅಂಚಿನ ಕತ್ತರಿಸದ ಹುಲ್ಲಿನ ಜಾಗದಲ್ಲಿ, ಮೊಣಕಾಲೆತ್ತರದ ಹುಲ್ಲಿದ್ದರೆ ಒಳಗೆ ಹೋಗಬೇಡ. ಬಿಲದಂತೆ ಕಂಡಲ್ಲಿ, ಬಿದ್ದ ಮರದ ದಿಮ್ಮಿಯ ಕೆಳಗೆ, ಉದುರಿದ ನೀಲಗಿರಿ ತೊಗಟೆಯ ರಾಶಿಯಲ್ಲಿ ಕೈ ಹಾಕಲೇಬೇಡ, ಕ್ಲಬ್ಬಿನ, ಅಂದರೆ ಚೆಂಡು ಹೊಡೆಯುವ ಕೋಲಿನ, ತುದಿಯಿಂದ ಸರಿಸಿ ನೋಡು. ಹಳ್ಳ, ಕೆರೆಯ ಅಂಚಿನಲ್ಲಿ ಟೈಗರ್ ಹಾವು ಹೆಚ್ಚು, ಕಪ್ಪೆ ಅದರ ಮುಖ್ಯ ಆಹಾರ. ಒಣ ಹುಲ್ಲುಗಾವಲಲ್ಲಿ ಬ್ರೌನ್ ಹಾವು, ಅದು ಇಲಿ ಹಿಂದೆ ಬರುತ್ತದೆ. ನಮ್ಮವರು ಹೆಚ್ಚಾಗಿ ಮನೆ ಮಾಡುವ ಟಾರ್ನೀಟ್, ಪಾಯಿಂಟ್ ಕುಕ್ ಕಡೆಯ ಬಡಾವಣೆಗಳೆಲ್ಲ ಹಿಂದೆ ಹುಲ್ಲುಗಾವಲೇ. ಆದ್ದರಿಂದ ಗಾಲ್ಫ್ ಆಡದವರ ಹಿತ್ತಲಿಗೂ ಒಮ್ಮೊಮ್ಮೆ ಬರುತ್ತವೆ. ಕೆರೆಯಂಗಳದಲ್ಲಿ ಲೇಔಟ್ ಎದ್ದ ಮೇಲೆ ಮನೆಯೊಳಗೆ ಕೇರೆಹಾವು, ನೀರೊಳ್ಳೆ ಬರುವುದನ್ನು ಕಂಡ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಮ್ಮೂರಿನ ಅನುಭವ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಾವು ಎಂದರೆ ನಾವು ಹೆಡೆ ನೋಡಿ ಬೆಳೆದವರು. ಹೆಡೆ ಎತ್ತಿದರೆ ನಾಗರ, ಮೈಮೇಲೆ ಸರಪಳಿಯ ಹಾಗೆ ದುಂಡು ಮಚ್ಚೆಗಳಿದ್ದು ಕುಕ್ಕರಿನಿಂದ ಆವಿ ಬಿಟ್ಟಂತೆ ಬುಸುಗುಟ್ಟಿದರೆ ಕೊಳಕುಮಂಡಲ, ಉಳಿದದ್ದು ಕೇರೆ ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಅಲ್ಲಿನ ಹಾವುಗಳು ನಾಗರದ ಹಾಗೆ ಹೆಡೆ ಬಿಚ್ಚುವುದಿಲ್ಲ. ಟೈಗರ್ ಹಾವು ಕತ್ತನ್ನು ಒಂದಿಷ್ಟು ಚಪ್ಪಟೆ ಮಾಡುತ್ತದೆ, ಬ್ರೌನ್ ಹಾವು ಮುಂಭಾಗವನ್ನು ಮೇಲೆತ್ತಿ ಸೊಟ್ಟಗೆ ಬಳುಕಿಸಿ ನಿಲ್ಲುತ್ತದೆ. ಪಟ್ಟೆಯೇ ಇಲ್ಲದ ಟೈಗರ್ ಹಾವುಗಳಿವೆ, ಕಂದು ಬಣ್ಣದ್ದೆಲ್ಲ ಬ್ರೌನ್ ಅಲ್ಲ, ಬ್ರೌನ್ ಎಲ್ಲವೂ ಒಂದೇ ಬಣ್ಣದಲ್ಲಿಲ್ಲ. ನೋಡಲು ನಮ್ಮ ಕೇರೆಯ ಹಾಗೇ ಸಪೂರವಾಗಿ, ಸಾಧುವಾಗಿ ಕಾಣುವುದೇ ಅತ್ಯಂತ ಅಪಾಯದ್ದಾಗಿರಬಹುದು. ಆದ್ದರಿಂದ ಯಾವ ಹಾವೆಂದು ಪರೀಕ್ಷೆ ಮಾಡಲು ಹೋಗಬೇಡ, ಕಂಡ ಹಾವೆಲ್ಲ ವಿಷದ್ದೇ ಎಂದುಕೊಂಡು ದೂರ ಸರಿ. ನೀಲಿ ನಾಲಿಗೆಯ ದಪ್ಪ ಹಲ್ಲಿಯೊಂದಿದೆ, ನಮ್ಮ ಹಾವುರಾಣಿಯ ಜಾತಿಯದೇ, ಆದರೆ ಬಹಳ ದೊಡ್ಡದು. ಹುಲ್ಲಿನಲ್ಲಿ ತಲೆ ಮಾತ್ರ ಕಂಡರೆ ಎದೆ ಧಸಕ್ಕೆನ್ನುತ್ತದೆ. ಅದು ಪಾಪದ್ದು, ಅದನ್ನು ಹೊಡೆಯಲು ಯಾರಿಗೂ ಬಿಡಬೇಡ.

ಹಾವನ್ನೂ ಹೊಡೆಯುವಂತಿಲ್ಲ. ವಿಕ್ಟೋರಿಯಾ ರಾಜ್ಯದಲ್ಲಿ ಹಾವುಗಳಿಗೆ ಕಾನೂನಿನ ರಕ್ಷಣೆಯಿದೆ, ಕೊಂದರೆ ಅಪರಾಧ. ಕೈಯಲ್ಲಿ ಕಬ್ಬಿಣದ ಕ್ಲಬ್ ಇದೆ ಎಂದು ಬೀಸಲು ಹೋದವರೇ ಕಚ್ಚಿಸಿಕೊಳ್ಳುತ್ತಾರೆ. ಹತ್ತಿರದಲ್ಲೇ ಕಂಡರೆ ಅಲ್ಲಾಡದೆ ನಿಲ್ಲು, ಅದು ಹೋಗುತ್ತದೆ. ದೂರದಲ್ಲಿ ಕಂಡರೆ ನಿಧಾನವಾಗಿ ಹಿಂದೆ ಸರಿ, ಹಿಂದಿನಿಂದ ಬರುವ ಆಟಗಾರರಿಗೂ ಕ್ಲಬ್ ಆಫೀಸಿಗೂ ತಿಳಿಸು. ಅಗತ್ಯ ಬಿದ್ದರೆ ಪರವಾನಗಿ ಇರುವ ಹಾವು ಹಿಡಿಯುವವರನ್ನು ಅವರು ಕರೆಸುತ್ತಾರೆ. ಸತ್ತು ಬಿದ್ದಂತೆ ಕಂಡ ಹಾವನ್ನೂ ಮುಟ್ಟಬೇಡ, ಸತ್ತ ಸ್ವಲ್ಪ ಹೊತ್ತಿನ ತನಕ ಅದರ ಬಾಯಿ ತಾನಾಗಿ ಕಚ್ಚಬಲ್ಲದು.

ಚೆಂಡಿನ ಪಕ್ಕದಲ್ಲೇ ಹಾವು ಮಲಗಿದ್ದರೆ ಆಟದ ಗತಿ ಏನು ಅಂತ ಕೇಳಿದ್ದೀಯಲ್ಲ, ಅದಕ್ಕೂ ಉತ್ತರವಿದೆ. ಗಾಲ್ಫ್‌ನ 16.2ನೇ ನಿಯಮ ಅಪಾಯಕಾರಿ ಪ್ರಾಣಿಗಳ ಬಗ್ಗೆಯೇ ಇದೆ. ವಿಷದ ಹಾವು, ಕುಟುಕುವ ಜೇನು, ಮೊಸಳೆಯಂಥ ಅಲಿಗೇಟರ್, ಕರಡಿ ಎಲ್ಲದರ ಹೆಸರೂ ಅದರಲ್ಲಿದೆ. ಚೆಂಡು ಇದ್ದಲ್ಲೇ ಆಡಿದರೆ ನಿನಗೆ ದೊಡ್ಡ ಗಾಯವಾಗಬಹುದು ಎನ್ನುವಂತಿದ್ದರೆ ಪೆನಾಲ್ಟಿ ಇಲ್ಲದೆ, ಅಪಾಯ ತಪ್ಪುವ ಹತ್ತಿರದ ಜಾಗ ಗುರುತಿಸಿ, ಅಲ್ಲಿಂದ ಒಂದು ಕ್ಲಬ್ ಉದ್ದದೊಳಗೆ ಬೇರೆ ಚೆಂಡು ಡ್ರಾಪ್ ಮಾಡಬಹುದು, ಅಂದರೆ ಕೈಯಿಂದ ಕೆಳಗೆ ಬಿಟ್ಟು ಅಲ್ಲಿಂದ ಆಡಬಹುದು. ಹೋಲ್‌ಗೆ ಹತ್ತಿರವಾಗಬಾರದು, ಅಷ್ಟೇ. ಆದರೆ ಚೆಂಡು ಹೇಗೂ ಆಡಲಾಗದ ಪೊದೆಯಲ್ಲಿ ಸಿಕ್ಕಿಕೊಂಡಿದ್ದರೆ, ಹಾವಿದೆ ಎಂಬ ಕಾರಣಕ್ಕೆ ಪುಕ್ಕಟೆ ಡ್ರಾಪ್ ಸಿಗುವುದಿಲ್ಲ. ನ್ಯಾಯವಾದ ನಿಯಮ. ಜೊತೆಯವರಿಗೆ ಕೂಗಿ ಹೇಳಿ ಡ್ರಾಪ್ ಮಾಡು, ಯಾರೂ ತಕರಾರು ಮಾಡುವುದಿಲ್ಲ.

ನೀನು ಬರುವ ಜನವರಿ ಅಲ್ಲಿ ಕಡುಬೇಸಿಗೆ, ಹಾವು ಚುರುಕಾಗಿರುವ ಕಾಲ. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಎಚ್ಚರ ಬೇಕು. ಜೂನ್, ಜುಲೈ ಚಳಿಯಲ್ಲಿ ಅವು ಬಹುತೇಕ ಬಿಲ ಸೇರಿರುತ್ತವೆ, ಬಿಸಿಲು ಚೆನ್ನಾಗಿ ಬಿದ್ದ ದಿನ ಮೈ ಕಾಯಿಸಲು ಹೊರಬಂದರೂ ಬಂದವೇ. ಶಾರ್ಟ್ಸ್ ಬದಲು ಸಡಿಲವಾದ ಉದ್ದ ಪ್ಯಾಂಟು, ದಪ್ಪ ಕಾಲುಚೀಲ ಹಾಕು. ಬ್ರೌನ್ ಹಾವಿನ ಹಲ್ಲು ಬಹಳ ಗಿಡ್ಡ, ಬಟ್ಟೆ ನಿಜವಾಗಿಯೂ ಅಡ್ಡ ಬರುತ್ತದೆ. ವಸಂತದಲ್ಲಿ ಮ್ಯಾಗ್‌ಪೈ ಎಂಬ ಕಪ್ಪುಬಿಳಿ ಹಕ್ಕಿ ಮರಿ ಕಾಯುತ್ತಾ ತಲೆಗೆ ಎರಗುತ್ತದೆ, ಟೋಪಿ ಇರಲಿ.

ಇನ್ನು ಬ್ಯಾಗಿನಲ್ಲಿ ಖಾಯಂ ಇರಬೇಕಾದದ್ದು ಅಗಲವಾದ ಎಲಾಸ್ಟಿಕ್ ಬ್ಯಾಂಡೇಜ್, ಎರಡು ಸುರುಳಿ. ಅಲ್ಲಿನ ಔಷಧ ಅಂಗಡಿಗಳಲ್ಲಿ ಸಿಗುತ್ತದೆ. ಕಚ್ಚಿದರೆ ನಡೆಯಬಾರದು, ಇದ್ದಲ್ಲೇ ಕೂರಬೇಕು, ಜೊತೆಯವರು ಅಲ್ಲಿನ ತುರ್ತು ಸಂಖ್ಯೆ 000ಗೆ ಫೋನ್ ಮಾಡಬೇಕು. ಕಚ್ಚಿದ ಜಾಗ ತೊಳೆಯಬಾರದು, ಕುಯ್ಯಬಾರದು, ಹೀರಬಾರದು. ಕಚ್ಚಿದಲ್ಲಿ ಮೊದಲು ಸುತ್ತಿ, ಆಮೇಲೆ ಬೆರಳ ತುದಿಯಿಂದ ಮೇಲಕ್ಕೆ ಇಡೀ ಕಾಲಿಗೆ ಅಥವಾ ಕೈಗೆ, ಉಳುಕಿದಾಗ ಕಟ್ಟುವಷ್ಟು ಬಿಗಿಯಾಗಿ ಬ್ಯಾಂಡೇಜ್ ಸುತ್ತಬೇಕು. ಪ್ಯಾಂಟು ಬಿಚ್ಚದೆ ಅದರ ಮೇಲೆಯೇ ಸುತ್ತಬಹುದು. ಕಚ್ಚಿದ ಜಾಗವನ್ನು ಬ್ಯಾಂಡೇಜ್ ಮೇಲೆ ಪೆನ್ನಿನಲ್ಲಿ ಗುರುತು ಮಾಡಿ, ಅಲುಗದಂತೆ ಕೋಲು ಇಟ್ಟು ಕಟ್ಟಬೇಕು. ಆಸ್ಪತ್ರೆಯವರೇ ಬಿಚ್ಚುವ ತನಕ ಬಿಚ್ಚಬಾರದು. ಈ ವಿಧಾನ ರೂಪುಗೊಂಡದ್ದೇ ಮೆಲ್ಬರ್ನಿನಲ್ಲಿ, 1970ರ ದಶಕದ ಕೊನೆಯಲ್ಲಿ, ಸ್ಟ್ರುವನ್ ಸದರ್‌ಲೆಂಡ್ ಎಂಬ ವಿಜ್ಞಾನಿಯಿಂದ. ಬ್ರೌನ್ ಹಾವು ಕಚ್ಚಿದರೆ ಕೆಲವೊಮ್ಮೆ ನೋವೂ ಇರುವುದಿಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣುವುದಿಲ್ಲ. ಮುಳ್ಳು ಚುಚ್ಚಿರಬೇಕು ಅಂತ ಆಟ ಮುಂದುವರಿಸಬೇಡ.

ಇದೇ ಬ್ಯಾಂಡೇಜ್ ವಿದ್ಯೆಯನ್ನು ಬೆಂಗಳೂರಿಗೆ ಹೊತ್ತು ತರಬೇಡ. ಕೊಳಕುಮಂಡಲದ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ, ಬಿಗಿದು ಕಟ್ಟಿದರೆ ಹಾನಿ ಹೆಚ್ಚು. ಇಲ್ಲಿ ಉಂಗುರ, ಗಡಿಯಾರ ಬಿಚ್ಚಿ, ಅಲುಗದಂತೆ ಪಟ್ಟಿ ಇಟ್ಟು, ತಡ ಮಾಡದೆ ವಿಷಮದ್ದು (ಆಂಟಿವೆನಮ್) ಇರುವ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ನಮ್ಮ ವಿಷಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ.

ಈಗ ಬಿಟ್ಟಿದ್ದ ಮಾತಿಗೆ ಬರುತ್ತೇನೆ. ಇದನ್ನು ಹೇಳಲೆಂದೇ ಇಷ್ಟು ಉದ್ದ ಬರೆದೆ. ಈ ಸಲ ಗೆಳತಿಯೊಬ್ಬಳು ಊರ ಹೊರಗಿನ ಕೋರ್ಸ್ ಒಂದಕ್ಕೆ ಕರೆದುಕೊಂಡು ಹೋಗಿದ್ದಳು. ನಮ್ಮ ಮುಂದಿನ ತಂಡದವರ ಚೆಂಡು ಲಂಟಾನ ಪೊದೆಗೆ ಹೋಯಿತು. ಕ್ಯಾಡಿ ಹುಡುಗ ಹವಾಯಿ ಚಪ್ಪಲಿಯಲ್ಲಿ ಸೊಂಟದ ತನಕ ಒಳಗೆ ಇಳಿದ. ಚೆಂಡಿನವರು ಹೊರಗೆ ನಿಂತು ಎಡಕ್ಕೆ ನೋಡು, ಬಲಕ್ಕೆ ನೋಡು ಎನ್ನುತ್ತಿದ್ದರು. ಆಮೇಲೆ ಆ ಹುಡುಗ ನೀರು ಕುಡಿಯಲು ಬಂದಾಗ ಕೇಳಿದೆ, ಹಾವು ಇರಲ್ವೇನಪ್ಪ ಅಂತ. "ಇರ್ತವೆ ಮೇಡಂ. ಮೊನ್ನೆ ಅಲ್ಲೇ ಮಂಡಲದ ಹಾವು ನೋಡಿದ್ವಿ. ಬಾಲ್ ಸಿಗಲಿಲ್ಲ ಅಂದ್ರೆ ಸಾಹೇಬ್ರು ಬೈತಾರಲ್ಲ" ಅಂದ. ನನಗೆ ಮುಂದೆ ಆಡಲು ಮನಸ್ಸೇ ಬರಲಿಲ್ಲ.

ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಅಂದಿನಿಂದ ಇಂದಿನ ತನಕ ಈ ಊರಿನಲ್ಲಿ ಆಟ ಬೆಳೆದಿರುವುದು ಬ್ಯಾಗ್ ಹೊತ್ತ ಹುಡುಗರ ಹೆಗಲ ಮೇಲೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗಾಲ್ಫ್ ಆಡಿ ನಾಲ್ಕನೆಯವಳಾಗಿ ನಿಂತ ನಮ್ಮ ಅದಿತಿ ಅಶೋಕ್ ಈ ಊರಿನ ಹುಡುಗಿ ಎಂದು ನನಗೆ ಎಷ್ಟು ಹೆಮ್ಮೆಯೋ, ಈ ಹುಡುಗರ ಕಾಲಿಗೆ ಒಂದು ಗಮ್‌ಬೂಟ್ ಇಲ್ಲದಿರುವುದು ಅಷ್ಟೇ ಸಂಕಟ. ಮೆಲ್ಬರ್ನಿನಲ್ಲಿ ನಾನೇ ಹುಲ್ಲಿನ ಅಂಚಿನಲ್ಲಿ ನಿಂತು, ಒಂದು ಚೆಂಡಿಗಾಗಿ ಒಳಗೆ ಹೋಗಲೋ ಬೇಡವೋ ಎಂದು ಯೋಚಿಸಿದ ಮೇಲೆ, ಇನ್ನೊಬ್ಬರನ್ನು ಅಲ್ಲಿಗೆ ಕಳಿಸುವುದು ನನ್ನಿಂದ ಆಗುವುದಿಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಮಾಡಿದೆ, ಒಳ್ಳೆಯದಾಯಿತು. ಆದರೆ ಕಚ್ಚುವ ಮೊದಲು ಮಾಡಬೇಕಾದ ಕೆಲಸ ಆಟಗಾರರ ಕೈಯಲ್ಲೇ ಇದೆ. ನೀನು ಹೊರಡಲು ಇನ್ನೂ ಕೆಲವು ಭಾನುವಾರಗಳಿವೆ. ಚೆಂಡು ಪೊದೆಗೆ ಹೋದರೆ "ಬೇಡಪ್ಪ, ಬಿಡು" ಅಂತ ಕ್ಯಾಡಿಗೆ ಈಗಲೇ ಹೇಳಲು ಶುರುಮಾಡು. ಜೊತೆ ಆಡುವವರ ಹತ್ತಿರ ದುಡ್ಡು ಕೂಡಿಸಿ ಒಂದಿಷ್ಟು ಬೂಟು ಕೊಡಿಸಿ ಹೋಗಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ. ನನ್ನ ಪಾಲು ನಾನು ಕೊಡುತ್ತೇನೆ.

ಕೊನೆಗೆ ಎರಡು ಕೆಲಸದ ಮಾತು. ಮೆಲ್ಬರ್ನ್ ತಲುಪಿದ ವಾರದಲ್ಲೇ ಆಂಬ್ಯುಲೆನ್ಸ್ ವಿಕ್ಟೋರಿಯಾದ ಸದಸ್ಯತ್ವ ಮಾಡಿಸು, ಇಲ್ಲವೇ ನಿನ್ನ ವೀಸಾದ ಆರೋಗ್ಯ ವಿಮೆಯಲ್ಲಿ ಆಂಬ್ಯುಲೆನ್ಸ್ ಸೇರಿದೆಯೇ ನೋಡಿಕೋ. ಅಲ್ಲಿ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಇದ್ದವರಿಗೂ ಅದು ಆಂಬ್ಯುಲೆನ್ಸ್ ಖರ್ಚು ಕೊಡುವುದಿಲ್ಲ, ಬಿಲ್ಲು ಸಾವಿರಾರು ಡಾಲರ್ ಆಗಬಹುದು. ಇನ್ನೊಂದು, ಕಿಟ್ ಕಟ್ಟುವ ಮೊದಲು ಶೂ, ಕ್ಲಬ್, ಚೆಂಡು ಕೂರಿಸುವ ಟೀ ಎಲ್ಲವನ್ನೂ ಬ್ರಷ್ ಹಾಕಿ ತೊಳೆದು ಒಣಗಿಸು. ಶೂ ಅಡಿಯ ಮುಳ್ಳುಗಳ ಸಂದಿಯಲ್ಲಿ ಚೂರೂ ಮಣ್ಣು, ಹುಲ್ಲು ಇರಬಾರದು. ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಮಣ್ಣಿನ ಬಗ್ಗೆ, ಮಣ್ಣು ತಾಗಿದ ಆಟದ ಸಾಮಾನಿನ ಬಗ್ಗೆ ಕೇಳಿರುತ್ತಾರೆ, ಅನುಮಾನವಿದ್ದರೆ ಹೌದು ಅಂತಲೇ ಬರೆ. ಹೇಳಿದರೆ ನೋಡಿ ಬಿಡುತ್ತಾರೆ ಅಥವಾ ತೊಳೆದು ಕೊಡುತ್ತಾರೆ, ಮುಚ್ಚಿಟ್ಟರೆ ದಂಡ ಹಾಕುತ್ತಾರೆ.