ವಯಸ್ಸಾದ ಚಾಂಪಿಯನ್ ತಂಡ ಮತ್ತೆ ಪ್ರಶಸ್ತಿಯ ಹಣಾಹಣಿಗೆ ಬರಬಲ್ಲದೇ?

ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನಂತೆ ಮುಖ್ಯ ಆಟಗಾರರು ಮೂವತ್ತೈದರ ಆಸುಪಾಸಿಗೆ ಬಂದಿರುವ ತಂಡವೊಂದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯಲ್ಲಿ ಮತ್ತೆ ಪ್ರಶಸ್ತಿಗೆ ಸೆಣಸಬಲ್ಲದೇ ಎಂದು ಕೇಳಿದ್ದೀರಿ. ಒಂದು ಸಲ ಸೆಣಸಬಹುದು, ಆದರೆ ಹಳೆಯ ತಾರೆಗಳನ್ನಷ್ಟೇ ನಂಬಿ ಅಲ್ಲ ಎಂಬುದು ನನ್ನ ಅಭಿಪ್ರಾಯ. ಚೆಂಡು ಎಸೆಯುವ ಕೈಗೆ ಅಷ್ಟು ಬೇಗ ವಯಸ್ಸಾಗುವುದಿಲ್ಲ; ಮೊದಲು ಸೋಲುವುದು ಕಾಲು. ಇಲ್ಲಿ ಶಿರಸಿಯಲ್ಲಿ ಸಂಜೆ ಕಾಲೇಜು ಹುಡುಗರ ಜೊತೆ ಆಡಲು ಬರುವ ನಲವತ್ತು ದಾಟಿದವರನ್ನು ನೋಡಿದರೂ ಇದು ಗೊತ್ತಾಗುತ್ತದೆ. ಯಾರೂ ಅಡ್ಡಬರದೆ ಚೆಂಡು ಎಸೆಯುವ ಫ್ರೀ ಥ್ರೋ ಗೆರೆಯ ಮೇಲೆ ನಿಂತರೆ ಅವರ ಗುರಿ ತಪ್ಪುವುದು ಅಪರೂಪ, ಆದರೆ ಹುಡುಗನೊಬ್ಬ ಎಡಕ್ಕೆ ಡಾಡ್ಜ್ ತೋರಿಸಿ ಬಲಕ್ಕೆ ನುಗ್ಗಿದರೆ ಇವರ ಸೊಂಟ ತಿರುಗುವಷ್ಟರಲ್ಲಿ ಅವನು ರಿಂಗಿನ ಕೆಳಗಿರುತ್ತಾನೆ. ಆದ್ದರಿಂದ ಹಳೆಯ ತಂಡವೊಂದನ್ನು ಅಳೆಯುವಾಗ ಎದುರಾಳಿಯ ಅತ್ಯುತ್ತಮ ಆಟಗಾರನ ಬೆನ್ನು ಹತ್ತಲು ಅಲ್ಲಿ ತರುಣರು ಯಾರಿದ್ದಾರೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.

ವಾರಿಯರ್ಸ್ 2019ರವರೆಗೆ ಸತತ ಐದು ಫೈನಲ್ ಆಡಿ, ಮರುವರ್ಷ 15 ಗೆಲುವು, 50 ಸೋಲುಗಳೊಂದಿಗೆ ಇಡೀ ಲೀಗಿನ ತಳ ಸೇರಿತ್ತು. ಅಲ್ಲಿಂದ ಎದ್ದು 2022ರ ಫೈನಲ್ ಸರಣಿಯಲ್ಲಿ ಬೋಸ್ಟನ್ ತಂಡವನ್ನು ಸೋಲಿಸಿ ಪ್ರಶಸ್ತಿ ಪಡೆದದ್ದನ್ನು ಎಲ್ಲರೂ ತಂಡದ ತಾರೆ, 34ರ ಹರೆಯದ ಸ್ಟೀಫನ್ ಕರಿಯ ಪವಾಡವೆಂದೇ ನೆನೆಯುತ್ತಾರೆ. ನಾಲ್ಕನೇ ಪಂದ್ಯದ ಅವನ 43 ಅಂಕಗಳನ್ನು ಕಂಡವರು ಹಾಗೆನ್ನುವುದು ಸಹಜವೇ. ಆದರೆ ಆ ಸರಣಿಯಲ್ಲಿ ನನಗೆ ಹೆಚ್ಚು ಹೇಳುವುದು ಐದನೇ ಪಂದ್ಯ. (ನಮ್ಮಲ್ಲಿ ಅದು ಜೂನ್ ತಿಂಗಳ ಬೆಳಗಿನ ತೆಳ್ಳೇವಿನ, ಅಂದರೆ ತೆಳು ದೋಸೆಯ, ಹೊತ್ತು; ಮಳೆಗಾಲದ ಕರೆಂಟನ್ನು ನಂಬಿ ಕೂರುವಂತಿರಲಿಲ್ಲ.) ಅಂದು ಕರಿ ಮೂರು ಅಂಕಕ್ಕಾಗಿ ಎಸೆದ ಒಂಬತ್ತೂ ಚೆಂಡುಗಳು ಹೊರಬಿದ್ದವು, ಆದರೂ ತಂಡ 104-94ರಿಂದ ಗೆದ್ದಿತು, ಏಕೆಂದರೆ 27 ವರ್ಷದ ಆಂಡ್ರ್ಯೂ ವಿಗ್ಗಿನ್ಸ್ 26 ಅಂಕ, 13 ರಿಬೌಂಡ್ (ಗುರಿ ತಪ್ಪಿ ಮರಳಿದ ಚೆಂಡು ಹಿಡಿದದ್ದು) ಗಳಿಸಿದ್ದಲ್ಲದೆ ಬೋಸ್ಟನ್‌ನ ತಾರೆ ಜೇಸನ್ ಟೇಟಮ್‌ನನ್ನು ಕಾಯುವ ಕೆಲಸವನ್ನೂ ಹೊತ್ತಿದ್ದ.

ಸ್ಯಾನ್ ಆಂಟೋನಿಯೊ ಸ್ಪರ್ಸ್ ಕಥೆಯೂ ಇದೇ. 2007ರ ಪ್ರಶಸ್ತಿಯ ನಂತರ ಮುಗಿದೇ ಹೋಯಿತೆಂದು ಎಲ್ಲರೂ ಬರೆದಿಟ್ಟ ಆ ತಂಡ 2014ರಲ್ಲಿ ಮಯಾಮಿಯನ್ನು 4-1ರಿಂದ ಮಣಿಸಿತು. ಅದರ ಹಿರಿಯ ತಾರೆ ಟಿಮ್ ಡಂಕನ್‌ಗೆ ಆಗ 38 ವರ್ಷ. ಫೈನಲ್‌ನ ಶ್ರೇಷ್ಠ ಆಟಗಾರನೆನಿಸಿದ್ದು 22ರ ಕವಾಯ್ ಲೆನಾರ್ಡ್. ಆ ಋತುವಿನಲ್ಲಿ ಸ್ಪರ್ಸ್‌ನ ಯಾವ ಆಟಗಾರನ ಸರಾಸರಿಯೂ ಪಂದ್ಯಕ್ಕೆ 30 ನಿಮಿಷ ಮುಟ್ಟಲಿಲ್ಲ. 2012ರಲ್ಲಿ ಕೋಚ್ ಗ್ರೆಗ್ ಪೊಪೊವಿಚ್ ಮಯಾಮಿ ಪಂದ್ಯಕ್ಕೆ ಮುನ್ನ ಡಂಕನ್ ಸೇರಿ ನಾಲ್ವರನ್ನು ವಿಶ್ರಾಂತಿಗಾಗಿ ಮನೆಗೆ ಕಳಿಸಿದ್ದಕ್ಕೆ ಲೀಗು 2.5 ಲಕ್ಷ ಡಾಲರ್ ದಂಡ ಹಾಕಿತ್ತು. ಅದು ಒಳ್ಳೆಯ ಹೂಡಿಕೆಯೆಂದೇ ನನ್ನ ಲೆಕ್ಕ. ನಮ್ಮ ಕಡೆಯ ಯಕ್ಷಗಾನದ ಆಟ ನೋಡಿದವರಿಗೆ ಇದು ಹೊಸತಲ್ಲ: ಎಂಬತ್ತು ದಾಟಿದ ಮೇಲೂ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ರಂಗಸ್ಥಳಕ್ಕೆ ಬರುತ್ತಿದ್ದರು, ಆದರೆ ಬೆಳಗಿನವರೆಗೆ ಕುಣಿಯುವ ಭಾರ ಕಿರಿಯರದಾಗಿತ್ತು.

ಇಂಥ ಕಿರಿಯರನ್ನು ತರುವುದೇ ಈಗ ಕಷ್ಟ. ಹತ್ತು ವರ್ಷ ಆಡಿದ ತಾರೆ ತಂಡದ ವೇತನ ಮಿತಿಯ ಶೇ. 35ರಷ್ಟನ್ನು ಕೇಳಬಹುದು, ಲೀಗು ಮತ್ತು ಆಟಗಾರರ ಸಂಘದ ನಡುವಿನ 2023ರ ಒಪ್ಪಂದ ಬಂದ ಮೇಲಂತೂ ಸಂಬಳದ ಖರ್ಚಿಗೆ ಹಾಕಿದ ಎರಡನೇ ಗಡಿಯನ್ನು (ಸೆಕೆಂಡ್ ಏಪ್ರನ್) ದಾಟಿದ ತಂಡ ಇಬ್ಬರು ಮೂವರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ಕೊಳ್ಳುವಂತಿಲ್ಲ. ಭವಿಷ್ಯದ ಡ್ರಾಫ್ಟ್ ಆಯ್ಕೆಗಳನ್ನು (ಲೀಗಿಗೆ ಬರುವ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕನ್ನು) ಕೊಟ್ಟು ಹಳೆಯ ಹೆಸರುಗಳನ್ನೇ ತಂದರೆ ಏನಾಗುತ್ತದೆ ಎಂಬುದನ್ನು ಬ್ರೂಕ್ಲಿನ್ ಕಂಡಿದೆ: 2013ರಲ್ಲಿ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್ ಅವರನ್ನು ಕೊಂಡ ಆ ತಂಡ ಅವರಿಬ್ಬರೊಂದಿಗೆ ಗೆದ್ದದ್ದು ಪ್ಲೇಆಫ್‌ನ (ಋತುವಿನ ಕೊನೆಯ ನಾಕೌಟ್ ಹಂತದ) ಒಂದೇ ಸುತ್ತು, ಆದರೆ ಕೊಟ್ಟ ಆಯ್ಕೆಗಳಿಂದ ಬೋಸ್ಟನ್‌ಗೆ ದಕ್ಕಿದ ಜೇಲನ್ ಬ್ರೌನ್ ಮತ್ತು ಟೇಟಮ್ 2024ರಲ್ಲಿ ಪ್ರಶಸ್ತಿ ಗೆದ್ದರು.

ವಾರಿಯರ್ಸ್ 2025ರ ಫೆಬ್ರವರಿಯಲ್ಲಿ ಮಾಡಿದ್ದು ಹೆಚ್ಚುಕಡಿಮೆ ಬ್ರೂಕ್ಲಿನ್‌ನ ಕೆಲಸವನ್ನೇ. 35ರ ಜಿಮ್ಮಿ ಬಟ್ಲರ್‌ಗಾಗಿ ಅದೇ ವಿಗ್ಗಿನ್ಸ್‌ನನ್ನು ಬಿಟ್ಟುಕೊಟ್ಟಿತು. ಮೇ ತಿಂಗಳಲ್ಲಿ ಮಿನೆಸೊಟಾ ವಿರುದ್ಧದ ಪ್ಲೇಆಫ್ ಸರಣಿಯ ಮೊದಲ ಪಂದ್ಯದಲ್ಲೇ ಕರಿಯ ತೊಡೆಯ ಹಿಂದಿನ ಸ್ನಾಯು ಹಿಡಿದುಕೊಂಡಿತು. ಆ ಪಂದ್ಯವನ್ನೇನೋ ಗೆದ್ದರು, ಮುಂದಿನ ನಾಲ್ಕನ್ನೂ ಸೋತರು. 2022ರಲ್ಲಿ ಕರಿಯ ಕೈ ಕೊಟ್ಟ ದಿನವೂ ಗೆದ್ದ ತಂಡವಿದು. ಅವನ ಸುತ್ತ ಮತ್ತೆ ಅಂಥ ಕಾಲುಗಳು ಸೇರದ ಹೊರತು ಪ್ಲೇಆಫ್‌ನ ಎರಡನೇ ಸುತ್ತಿನಾಚೆಗೆ ನಾನು ಆಸೆ ಇಟ್ಟುಕೊಳ್ಳಲಾರೆ.