ಓದುಗರ ಪ್ರಶ್ನೆ: ಕಾಳ್ಗಿಚ್ಚು ಗುಡ್ಡದಾಚೆ ಇದ್ದಾಗ

ಪ್ರಶ್ನೆ: ಕಾಡಂಚಿನ ಊರಿಗೆ ಹೊಸದಾಗಿ ಬಂದಿದ್ದೇವೆ. ಗುಡ್ಡದಾಚೆ ಕಾಳ್ಗಿಚ್ಚು ಹಬ್ಬುತ್ತಿದೆ. ಅಕ್ಕಪಕ್ಕದವರು ಇನ್ನೂ ಮನೆ ಬಿಟ್ಟಿಲ್ಲ. ನಾವು ಎಷ್ಟು ಹೊತ್ತು ಕಾಯಬಹುದು?

ಉತ್ತರ: ಅವರನ್ನು ನೋಡಿಕೊಂಡು ಕಾಯಬೇಡಿ. ಹಳಬರಿಗೆ ಅಡ್ಡದಾರಿಗಳೂ ಗಾಳಿ ತಿರುಗುವ ಬಗೆಯೂ ಗೊತ್ತು, ನಿಮಗೆ ಗೊತ್ತಿಲ್ಲ. ಮನೆ ಬಿಡಲು ಸಿದ್ಧರಾಗಿ ಎಂಬ ಮೊದಲ ಸೂಚನೆ ಬಂದಾಗಲೇ ಹೊರಡಿ. 2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣ ಸುಟ್ಟಾಗ ಹೊರಬೀಳುವ ರಸ್ತೆಗಳೆಲ್ಲ ವಾಹನಗಳಿಂದ ಕಟ್ಟಿಕೊಂಡವು. ಆ ಬೆಂಕಿ 85 ಜನರನ್ನು ಬಲಿ ತೆಗೆದುಕೊಂಡಿತು. ಗುಡ್ಡ ಅಡ್ಡವಿದೆ ಎಂಬ ಧೈರ್ಯವೂ ಬೇಡ. ಏರಿನ ಓರೆ 10 ಡಿಗ್ರಿ ಹೆಚ್ಚಿದರೆ ಮೇಲೇರುವ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ. ಜೋರು ಗಾಳಿಗೆ ಕಿಡಿಗಳು ಒಂದೆರಡು ಕಿಲೋಮೀಟರ್ ಮುಂದಕ್ಕೂ ಹಾರಿ ಬೀಳುತ್ತವೆ.

ಇವತ್ತೇ ಊರಿನಿಂದ ಹೊರಬೀಳುವ ಎರಡು ದಾರಿಗಳಲ್ಲಿ ಹಗಲಲ್ಲಿ ಓಡಾಡಿ, ಕಾಗದದ ಮೇಲೆ ಬರೆದಿಡಿ. ಟವರ್ ಸುಟ್ಟರೆ ಫೋನಿನ ನಕ್ಷೆ ಕೈಕೊಡುತ್ತದೆ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯಬಾರದು, ಕಾರಿನ ಮುಖ ರಸ್ತೆಯ ಕಡೆಗಿರಲಿ. ಗ್ಯಾರೇಜಿನ ಬಾಗಿಲು ವಿದ್ಯುತ್ತಿನದಾದರೆ ಕೈಯಿಂದ ತೆಗೆಯುವುದನ್ನು ಕಲಿಯಿರಿ. ಚೀಲದಲ್ಲಿ ದಾಖಲೆ, ಔಷಧಿ, ಕನ್ನಡಕ, ಟಾರ್ಚ್, ನೀರು. ತುಂಬುತೋಳಿನ ಹತ್ತಿಬಟ್ಟೆ ಹಾಕಿಕೊಳ್ಳಿ. ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತದೆ.

ಬಹುಪಾಲು ಮನೆಗಳಿಗೆ ಬೆಂಕಿ ಹತ್ತುವುದು ಜ್ವಾಲೆಯ ಗೋಡೆಯಿಂದಲ್ಲ, ಕಿಡಿಗಳಿಂದ. ಹಾಗಾಗಿ ಗೋಡೆಯಿಂದ 1.5 ಮೀಟರ್‌ವರೆಗೆ ತರಗೆಲೆ, ಸೌದೆ, ಕಾಲೊರಸು, ಪ್ಲಾಸ್ಟಿಕ್ ಕುರ್ಚಿ ಏನೂ ಇರಬಾರದು. ಸೂರಿನಂಚಿನ ಮಳೆನೀರಿನ ದೋಣಿಯಲ್ಲಿ ಕೂತ ಒಣ ಎಲೆಗಳನ್ನು ತೆಗೆಯಿರಿ. ಗಾಳಿಗಂಡಿಗಳಿಗೆ 3 ಮಿಲಿಮೀಟರ್ ಕಣ್ಣಿನ ಲೋಹದ ಜಾಲರಿ ಬೇಕು. ಪ್ಲಾಸ್ಟಿಕ್ ಜಾಲರಿ ಕರಗಿ ಕಿಡಿಗೆ ದಾರಿ ಕೊಡುತ್ತದೆ.

ಹೊರಡುವಾಗ ಕಿಟಕಿ ಬಾಗಿಲು ಮುಚ್ಚಿ, ಪರದೆಗಳನ್ನು ಕಳಚಿ ತೆಗೆದಿಡಿ, ಗ್ಯಾಸ್ ಬಂದ್ ಮಾಡಿ. ದೀಪ ಉರಿಯಲಿ, ಹೊಗೆಯಲ್ಲಿ ಅಗ್ನಿಶಾಮಕರಿಗೆ ಮನೆ ಕಾಣುತ್ತದೆ. ನಲ್ಲಿಯನ್ನು ಮಾತ್ರ ತೆರೆದಿಟ್ಟು ಹೋಗಬೇಡಿ, ಅವರ ಪೈಪಿಗೆ ಬರುವ ನೀರಿನ ಒತ್ತಡ ಕುಸಿಯುತ್ತದೆ.

ಪ್ರಶ್ನೆ: ಹೊಗೆಗೆ ಒದ್ದೆ ಬಟ್ಟೆ ಸಾಕೇ?

ಉತ್ತರ: ಸಾಲದು. ಅಪಾಯಕಾರಿ ಕಣಗಳು 2.5 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಸಣ್ಣವು, ಬಟ್ಟೆಯ ಎಳೆಗಳ ನಡುವೆ ನುಸುಳುತ್ತವೆ. ಎನ್95 ಮುಖವಾಡ ಬೇಕು, ಅದೂ ಮುಖಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡವಿದ್ದರೆ ಸಂದಿಯಿಂದ ಹೊಗೆ ಒಳನುಗ್ಗುತ್ತದೆ. ಮನೆಯಲ್ಲಿರುವಷ್ಟು ಹೊತ್ತು ಒಂದೇ ಕೋಣೆಯನ್ನು ಮುಚ್ಚಿ, ಸಣ್ಣ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರಿನ ಗಾಳಿ ಶುದ್ಧಿ ಯಂತ್ರ ಓಡಿಸಿ. ಅಲ್ಲಿ ಮೇಣದಬತ್ತಿ, ಎಣ್ಣೆಯಲ್ಲಿ ಕರಿಯುವುದು, ಕಸ ಗುಡಿಸುವುದು ಬೇಡ. ಮುಖವಾಡ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡನ್ನು ತಡೆಯುವುದಿಲ್ಲ. ತಲೆನೋವು, ವಾಕರಿಕೆ, ಮಂಕು ಕವಿದಂತಾದರೆ ಕೂಡಲೇ ಶುದ್ಧ ಗಾಳಿ ಇರುವಲ್ಲಿಗೆ ಹೋಗಿ, ವೈದ್ಯರನ್ನು ಕಾಣಿ.